ವಾರಗಿತ್ತಿ ನಮ್ಮ ಮಗುವನ್ನು ಹೊರಲು ಮುಂದೆ ಬಂದಿದ್ದಾರೆ: 36 ತಿಂಗಳ ವಿಮೆ, ಕೋರ್ಟ್ ಕಾಗದದ ಬಗ್ಗೆ ಗೊತ್ತಿರುವವರು ದಯವಿಟ್ಟು ತಿಳಿಸಿ

ಹಾಸನದಾಕೆ
ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನನಗೆ 31, ನಮ್ಮನೆಯವರಿಗೆ 36. ಮೂರು ವರ್ಷದ ಹಿಂದೆ ಎಂಟನೇ ತಿಂಗಳಲ್ಲಿ ರಕ್ತ ಹೋಗೋಕೆ ಶುರುವಾಗಿ ರಾತ್ರೋರಾತ್ರಿ ಆಪರೇಷನ್ ಮಾಡಿದರು. ಮಗು ಉಳಿಯಲಿಲ್ಲ. ರಕ್ತ ನಿಲ್ಲದೆ ಗರ್ಭಕೋಶವನ್ನೂ ತೆಗೆಯಬೇಕಾಯಿತು. ಅಂಡಾಶಯ ಎರಡೂ ಸರಿಯಾಗಿವೆ, ನಿನ್ನದೇ ಅಂಡಾಣು ಬಳಸಬಹುದು ಅಂದಿದ್ದಾರೆ ಡಾಕ್ಟರು.

ನಮ್ಮ ಭಾವನವರ ಹೆಂಡತಿ, ನಾನು ಅಕ್ಕ ಅಂತಲೇ ಕರೆಯೋದು, ಹೋದ ಯುಗಾದಿ ಆದಮೇಲೆ ಒಂದು ದಿನ ರೊಟ್ಟಿ ತಟ್ಟುತ್ತಾ ಕೂತಿದ್ದವರು ತಲೆ ಎತ್ತದೆ ಅಂದರು: "ನಿನ್ನ ಮಗು ನನ್ನ ಹೊಟ್ಟೇಲಿ ಬೆಳೀಲಿ ಬಿಡೇ." ನಾನು ಅಳೋಕೆ ಶುರು ಮಾಡಿದೆ. ಅವರಿಗೆ ಇಬ್ಬರು ಮಕ್ಕಳು, ವಯಸ್ಸು 34. ಅತ್ತೆ ಒಂದು ವಾರ ಯಾರ ಹತ್ತಿರಾನೂ ಮಾತಾಡಲಿಲ್ಲ. ಆಮೇಲೆ ಅವರೇ, "ದೇವಕಿ ಹೊಟ್ಟೇಲಿದ್ದ ಬಲರಾಮನ್ನ ರೋಹಿಣಿ ಹೊತ್ತಿಲ್ವಾ, ನಮ್ಮನೇಲೂ ಆಗಲಿ" ಅಂದರು. ಮನೆಯವರೆಲ್ಲ ಒಪ್ಪಿದ ಹಾಗಾಯಿತು.

ಹೀಗೆ ಒಬ್ಬರ ಮಗುವನ್ನು ಇನ್ನೊಬ್ಬರು ಹೊರುವುದಕ್ಕೆ ಸರೊಗಸಿ ಅಂತಾರೆ. ಈಗ ನಿಂತಿರೋದು ಅದರ ಕಾಗದದ ಹತ್ತಿರ. ಕ್ಲಿನಿಕ್‌ನವರು ಕೊಟ್ಟ ಪಟ್ಟಿಯಲ್ಲಿ ಅಕ್ಕನ ಹೆಸರಿಗೆ 36 ತಿಂಗಳ ಆರೋಗ್ಯ ವಿಮೆ ಬೇಕು ಅಂತಿದೆ. ಮೊದಲು ಕೇಳಿದ ಏಜೆಂಟ್ ಅಂಥ ಪಾಲಿಸಿಯೇ ಇಲ್ಲ ಅಂದರು. ಎರಡನೆಯವರು 5 ಲಕ್ಷದ ಒಂದು ಮಾಮೂಲಿ ಪಾಲಿಸಿ ತೋರಿಸಿ, "ಇದನ್ನೇ ಮಾಡಿಸಿ, ಫಾರಂನಲ್ಲಿ ಸರೊಗಸಿ ಅಂತ ಮಾತ್ರ ಬರೀಬೇಡಿ, ಆಫೀಸಿಗೆ ತೋರಿಸೋಕೆ ಒಂದು ಸರ್ಟಿಫಿಕೇಟ್ ಇದ್ದರೆ ಸಾಕು" ಅಂದರು. ಮನೆಗೆ ತಂದು ಆ ಪುಸ್ತಕ ಓದಿದೆ. ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಪಟ್ಟಿಯಲ್ಲಿ, ಚಿಕ್ಕ ಅಕ್ಷರದಲ್ಲಿ, ಸರೊಗಸಿ ಅನ್ನುವ ಪದವೇ ಇದೆ! ಪೆನ್ಸಿಲ್‌ನಲ್ಲಿ ಗೆರೆ ಎಳೆದು ಇಟ್ಟಿದ್ದೀನಿ.

ಅಕ್ಕನಿಗೆ ಏನಾದರೂ ಆದರೆ ಅನ್ನೋ ಯೋಚನೆಯಿಂದ ನಿದ್ದೆ ಬರ್ತಿಲ್ಲ. ಆಪರೇಷನ್ ಟೇಬಲ್ ಮೇಲೆ ಏನೇನು ಆಗಬಹುದು ಅಂತ ನನ್ನ ಮೈಗೇ ಗೊತ್ತು. ದಾರಿ ಹೇಳಿ.

---

ಪಾಲಿಸಿ ಓದುವವ
ಸೋಮವಾರ ಬೆಳಿಗ್ಗೆ

ತಂಗೀ, ನೀವು ಗೆರೆ ಎಳೆದ ಜಾಗ ಸರಿಯಾಗಿದೆ. ನಾನು ಹದಿನಾಲ್ಕು ವರ್ಷ ಕ್ಲೇಮ್ ವಿಭಾಗದಲ್ಲಿದ್ದೆ, ಈಗ ಆ ಕೆಲಸದಲ್ಲಿಲ್ಲ. ಎರಡನೇ ಏಜೆಂಟ್ ಹೇಳಿದ ಹಾಗೆ ಖಂಡಿತ ಮಾಡಬೇಡಿ.

ಆರೋಗ್ಯ ಪಾಲಿಸಿಗಳ ಹೊರಗಿಡುವ ಪಟ್ಟಿಗೆ ಐಆರ್‌ಡಿಎಐ (ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ) ಒಂದೇ ಥರದ ಕೋಡ್ ಕೊಟ್ಟಿದೆ. ಯಾವ ಕಂಪನಿಯ ಪುಸ್ತಕ ತೆಗೆದರೂ ಸಂಖ್ಯೆ ಅದೇ. 17ನೇ ಕೋಡ್ ಬಂಜೆತನದ ಚಿಕಿತ್ಸೆಗೆ ಸಂಬಂಧಿಸಿದ್ದು: ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡುವುದು), ಇಕ್ಸಿ (ಅಂಡಾಣುವಿನೊಳಗೆ ವೀರ್ಯಾಣು ಚುಚ್ಚಿ ಸೇರಿಸುವುದು), ಸರೊಗಸಿ ಎಲ್ಲ ಅದರಲ್ಲಿ ಬರುತ್ತವೆ. 18ನೇ ಕೋಡ್ ಹೆರಿಗೆಯದು: ಸಿಸೇರಿಯನ್, ಕಷ್ಟದ ಹೆರಿಗೆ, ಅಪಘಾತದಿಂದಲ್ಲದ ಗರ್ಭಪಾತ, ಇವೆಲ್ಲ ಹೊರಗೆ. ಗರ್ಭಕೋಶದ ಹೊರಗೆ ನಿಂತ ಗರ್ಭವೊಂದಕ್ಕೆ ಮಾತ್ರ ವಿನಾಯಿತಿ. 03ನೇ ಕೋಡ್‌ನಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಯಾವುದಕ್ಕೂ ಇಲ್ಲ. ಹೆರಿಗೆ ಸೇರಿಸುವ ಪಾಲಿಸಿಗಳೂ ಉಂಟು, ಆದರೆ ಅವಕ್ಕೆ ಕಾಯುವ ಅವಧಿ ಇರುತ್ತದೆ, ಕೆಲವದರಲ್ಲಿ ಎರಡು ಮೂರು ವರ್ಷ.

ಹಾಗಾಗಿ ಆ ಮಾಮೂಲಿ ಪಾಲಿಸಿಯಲ್ಲಿ ನಿಮ್ಮ ಅಕ್ಕನಿಗೆ ಡೆಂಗಿ ಬಂದರೆ ದುಡ್ಡು ಸಿಗುತ್ತದೆ, ಕಾಲು ಮುರಿದರೆ ಸಿಗುತ್ತದೆ. ಹೆರಿಗೆ ಆಗಿ ರಕ್ತ ನಿಲ್ಲದಿದ್ದರೆ, ಹೊಲಿಗೆ ಕೀವಾದರೆ, ಬಿಪಿ ಏರಿ ಫಿಟ್ಸ್ ಬಂದರೆ ಕ್ಲೇಮ್ 18ರ ಹತ್ತಿರ ನಿಂತು ವಾಪಸ್ ಬರುತ್ತದೆ. ಕಾನೂನು ವಿಮೆ ಕೇಳಿರುವುದು ನಿಖರವಾಗಿ ಇವಕ್ಕೇ.

ಮುಚ್ಚಿಡುವ ಮಾತು ಇನ್ನೂ ಅಪಾಯ. ಆಸ್ಪತ್ರೆಯ ಡಿಸ್ಚಾರ್ಜ್ ಸಮರಿಯ ಮೊದಲ ಸಾಲಲ್ಲೇ ಸರೊಗಸಿ ಗರ್ಭ ಅಂತ ಬರೆದಿರುತ್ತಾರೆ. ಅದು ನನ್ನಂಥವನ ಟೇಬಲ್‌ಗೆ ಬಂದ ಕೂಡಲೇ ಪ್ರಪೋಸಲ್ ಫಾರಂ ತೆಗೆಸಿ ನೋಡುತ್ತೇವೆ. ಗೊತ್ತಿದ್ದೂ ಹೇಳಲಿಲ್ಲ ಅಂತ ಕ್ಲೇಮ್ ಹೋಗುತ್ತದೆ, ಪಾಲಿಸಿಯೂ ಹೋಗುತ್ತದೆ. ಏಜೆಂಟ್ ಆಗ ಫೋನ್ ಎತ್ತುವುದಿಲ್ಲ. ಇಂಥ ಕಡತಗಳಿಗೆ ನಾನೇ ಸಹಿ ಹಾಕಿದ್ದೇನೆ, ಹಾಕಿ ಮನೆಗೆ ಹೋದ ಸಂಜೆಗಳು ನೆನಪಿವೆ.

ಮಾಡಬೇಕಾದ್ದು: ಏಜೆಂಟ್ ಬಿಟ್ಟು ನೇರವಾಗಿ ಕಂಪನಿಗೆ ಇಮೇಲ್ ಬರೆಯಿರಿ. 2021ರ ಸರೊಗಸಿ ಕಾಯ್ದೆಯ ಪ್ರಕಾರ ಮಗು ಹೊರುವ ತಾಯಿಗೆ ವಿಮೆ ಬೇಕು, ಗರ್ಭದ ತೊಡಕು ಮತ್ತು ಹೆರಿಗೆ ನಂತರದ ತೊಡಕು ಎರಡೂ ಸೇರಬೇಕು, 17 ಮತ್ತು 18ನೇ ಕೋಡ್ ಈ ಪಾಲಿಸಿಗೆ ಅನ್ವಯಿಸುವುದಿಲ್ಲ ಅಂತ ಪಾಲಿಸಿಯ ಒಳಗೇ ಬರೆದುಕೊಡಬೇಕು ಅಂತ ಕೇಳಿ. ಈ ಕಾಯ್ದೆಯನ್ನು ಪಾಲಿಸಬೇಕು ಅಂತ ಐಆರ್‌ಡಿಎಐ ಕಂಪನಿಗಳಿಗೆ ಹೇಳಿದೆ, ಅದನ್ನೂ ಇಮೇಲ್‌ನಲ್ಲಿ ನೆನಪಿಸಿ. ಬಾಯಲ್ಲಿ ಕೊಟ್ಟ ಭರವಸೆಯನ್ನು ಯಾರೂ ಕ್ಲೇಮ್ ಕಡತಕ್ಕೆ ಲಗತ್ತಿಸಲಾರರು.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ವರ್ಷ ವರ್ಷ ನವೀಕರಿಸುವ ಪಾಲಿಸಿ ಬೇಡ. ಮೂರು ವರ್ಷದ್ದು ಒಂದೇ ಸಲ ಕಟ್ಟಿ. ಮಗು ಮನೆಗೆ ಬಂದ ಮೇಲೆ ಎರಡನೇ ವರ್ಷದ ಪ್ರೀಮಿಯಂ ಮರೆತುಬಿಡುವವರನ್ನು ಕಂಡಿದ್ದೇನೆ. ಒಳ್ಳೆಯವರೇ, ಮಗುವಿನ ಗಲಾಟೆಯಲ್ಲಿ ಮರೆಯುತ್ತಾರೆ. ವೈಯಕ್ತಿಕ ಆರೋಗ್ಯ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ, ಆ ಭಾರವಾದರೂ ಇಳಿದಿದೆ.

---

ತುಮಕೂರಿನ ವಕೀಲ
ಸೋಮವಾರ ಮಧ್ಯಾಹ್ನ

ಮೇಲಿನವರು ಪಾಲಿಸಿ ಬಗ್ಗೆ ಹೇಳಿದ್ದಾರೆ, ನಾನು ಕಾಯ್ದೆಯ ಕಡೆಯಿಂದ ಹೇಳುತ್ತೇನೆ.

ಸರೊಗಸಿ ನಿಯಂತ್ರಣ ಕಾಯ್ದೆ 2021, ಜಾರಿಗೆ ಬಂದದ್ದು 2022ರ ಜನವರಿ 25. ನಿಯಮಗಳು ಅದೇ ವರ್ಷ ಜೂನ್‌ನಲ್ಲಿ ಬಂದವು. 36 ತಿಂಗಳ ವಿಮೆ ಕೇಳಿರುವುದು ಈ ಕಾನೂನೇ, ಆದರೆ ಮೊತ್ತ ಇಷ್ಟೇ ಅಂತ ಎಲ್ಲೂ ಹೇಳಿಲ್ಲ. ಗರ್ಭದಿಂದ ಬರುವ ಎಲ್ಲ ತೊಡಕುಗಳ, ಹೆರಿಗೆ ನಂತರದ ತೊಡಕುಗಳ ಎಲ್ಲ ಖರ್ಚಿಗೂ ಸಾಕಾಗುವಷ್ಟು ಅಂತಿದೆ. ಇದರ ಜೊತೆಗೆ ನೀವು ಮ್ಯಾಜಿಸ್ಟ್ರೇಟ್ ಮುಂದೆ ಒಂದು ಅಫಿಡವಿಟ್ ಕೊಡಬೇಕು. ಅದರಲ್ಲಿ ಆಕೆಯ ವೈದ್ಯಕೀಯ ಖರ್ಚು, ಆರೋಗ್ಯದ ತೊಂದರೆ, ನಷ್ಟ, ಕಾಯಿಲೆ, ಸಾವು ಇವುಗಳಿಗೆ ಪರಿಹಾರದ ಖಾತರಿ ನಿಮ್ಮದು ಅಂತ ಬರೆಯುತ್ತೀರಿ. ಬಹಳ ಜನ ಇದನ್ನು ಬಾಂಡ್ ಪೇಪರಿನ ಒಂದು ಹಾಳೆ ಅಂದುಕೊಂಡು ಸಹಿ ಹಾಕುತ್ತಾರೆ. ವಿಮಾ ಕಂಪನಿ ಕೈಬಿಟ್ಟರೂ ಆ ಹಾಳೆ ನಿಮ್ಮನ್ನು ಬಿಡುವುದಿಲ್ಲ. ಅದಕ್ಕೇ ಪಾಲಿಸಿ ಗಟ್ಟಿಯಾಗಿರಬೇಕಾದ್ದು ನಿಮ್ಮ ಅಕ್ಕನಿಗಷ್ಟೇ ಅಲ್ಲ, ನಿಮಗೂ. ಸಾಧ್ಯವಿದ್ದರೆ ಒಂದಿಷ್ಟು ಹಣ ಎಫ್‌ಡಿಯಲ್ಲಿ ಬೇರೆಯೇ ಎತ್ತಿಡಿ.

ಕಾಗದದ ಕ್ರಮ ಹೀಗೆ. ಮೊದಲು ಜಿಲ್ಲಾ ವೈದ್ಯಕೀಯ ಮಂಡಳಿಯಿಂದ ಸರೊಗಸಿ ಬೇಕೇ ಬೇಕು ಅನ್ನುವ ಪ್ರಮಾಣಪತ್ರ. ಗರ್ಭಕೋಶ ತೆಗೆದಿರುವುದು ನಿಯಮದಲ್ಲೇ ಹೇಳಿರುವ ಕಾರಣ, ಆಪರೇಷನ್ ಆದ ಆಸ್ಪತ್ರೆಯ ಕಡತ ಮತ್ತು ಬಯಾಪ್ಸಿ ವರದಿ ಇಟ್ಟುಕೊಳ್ಳಿ. ಆಮೇಲೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಹುಟ್ಟಲಿರುವ ಮಗುವಿನ ತಂದೆ ತಾಯಿ ನೀವು, ಮಗು ನಿಮ್ಮ ವಶದಲ್ಲಿರಬೇಕು ಅನ್ನುವ ಆದೇಶ. ಈ ಅರ್ಜಿಗೆ ನೀವಿಬ್ಬರೂ ನಿಮ್ಮ ಅಕ್ಕನೂ ಸೇರಿ ಸಹಿ ಮಾಡಬೇಕು. ಈ ಎರಡೂ, ಜೊತೆಗೆ ವಿಮೆ, ಮೂರನ್ನೂ ಸಕ್ಷಮ ಪ್ರಾಧಿಕಾರಕ್ಕೆ (ಇದಕ್ಕಾಗಿ ಸರ್ಕಾರ ನೇಮಿಸಿದ ಪ್ರಾಧಿಕಾರ) ಕೊಟ್ಟರೆ ಅವಶ್ಯಕತೆಯ ಪ್ರಮಾಣಪತ್ರ ಸಿಗುತ್ತದೆ. ನಿಮ್ಮ ಅರ್ಹತೆಗೆ ಒಂದು, ಅವರ ಅರ್ಹತೆಗೆ ಒಂದು ಪ್ರತ್ಯೇಕ. ಮಗು ಹುಟ್ಟಿದ ಮೇಲೆ ಕೋರ್ಟಿನ ಆ ಆದೇಶವೇ ಜನನದ ಪ್ರಮಾಣಪತ್ರಕ್ಕೆ ಆಧಾರ, ತಾಯಿಯ ಹೆಸರು ನಿಮ್ಮದೇ ಬರುತ್ತದೆ. ದತ್ತು ಮಾಡಿಕೊಳ್ಳುವ ಅಗತ್ಯ ಇಲ್ಲ.

ಅಕ್ಕನ ವಯಸ್ಸನ್ನು ಮೊದಲು ನೋಡಿ. ಭ್ರೂಣ ಇಡುವ ದಿನಕ್ಕೆ 25ರಿಂದ 35ರ ಒಳಗಿರಬೇಕು. 35 ತುಂಬುವ ಮುಂಚೆಯೇ ಮುಗಿಸುವುದು ಕ್ಷೇಮ. ಹುಟ್ಟಿದ ತಾರೀಖು ಆಧಾರ್‌ನಲ್ಲಿ ಒಂದು, ಶಾಲೆಯ ಟಿಸಿಯಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಪಡಿಸಿ.

ಇನ್ನೂ ಒಂದು ವಿಷಯ ಅವರಿಗೆ ನೀವೇ ಹೇಳಿ: ಭ್ರೂಣ ಇಡುವವರೆಗೂ ಒಪ್ಪಿಗೆ ಹಿಂತೆಗೆದುಕೊಳ್ಳುವ ಹಕ್ಕು ಅವರಿಗಿದೆ. ಮನೆಯೊಳಗಿನ ಸಂಬಂಧದಲ್ಲಿ "ಬೇಡ" ಅನ್ನುವುದು ಎಷ್ಟು ಕಷ್ಟ ಅಂತ ನನ್ನ ಕಚೇರಿಗೆ ಬಂದ ಹೆಣ್ಣುಮಕ್ಕಳನ್ನು ನೋಡಿ ಗೊತ್ತು. ಒಪ್ಪಿಗೆ ಪತ್ರವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಕನ್ನಡದಲ್ಲೇ, ಯಾರಾದರೂ ಓದಿ ಹೇಳಬೇಕು.

---

ರಾಮನಗರ ಕಡೆಯವಳು
ಸೋಮವಾರ ರಾತ್ರಿ

ನಾನು ಹೊತ್ತವಳು. ಅದಕ್ಕೇ ಬರೀತಾ ಇದೀನಿ. ಬರಹ ಸರಿ ಇಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ.

2013ರಲ್ಲಿ. ಆಗ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡ್ತಿದ್ದೆ. ಮಗಳ ಸ್ಕೂಲ್ ಫೀಸು, ಗಂಡಂದು ಸಾಲ. ಪಕ್ಕದ ಲೈನಿನಲ್ಲಿದ್ದೋಳು ಒಬ್ಬಳು ಕರ್ಕೊಂಡು ಹೋದ್ಲು. ಹೆಸರು ಯಾವುದೂ ಹೇಳಲ್ಲ. ಒಂಬತ್ತು ತಿಂಗಳು ಚೆನ್ನಾಗೇ ನೋಡ್ಕೊಂಡ್ರು, ಸುಳ್ಳು ಹೇಳಲ್ಲ. ಹಾಲು, ಹಣ್ಣು, ಸ್ಕ್ಯಾನಿಂಗ್ ಎಲ್ಲ. ಸಿಸೇರಿಯನ್ ಆಯ್ತು. ಮಗೂನ ಪಕ್ಕದ ರೂಮಿಗೆ ತಗೊಂಡು ಹೋದ್ರು, ಅಳೋದು ಕೇಳಿಸ್ತು. ಆರನೇ ದಿನಕ್ಕೆ ಮನೆಗೆ ಕಳಿಸಿದ್ರು.

ಮನೆಗೆ ಬಂದ ಮೇಲೆ ಬಾಣಂತನ ಮಾಡೋರು ಯಾರು? ಮಡಿಲಲ್ಲಿ ಮಗು ಇಲ್ಲ, ಊರಲ್ಲಿ ಯಾರಿಗೂ ಹೇಳಿಲ್ಲ. ಎದೆ ಹಾಲು ಕಟ್ಟಿ ಜ್ವರ ಬಂತು. ಎಂಟು ತಿಂಗಳಿಗೆ ಹೊಲಿಗೆ ಹಾಕಿದ ಜಾಗದಲ್ಲಿ ಉಬ್ಬಿಕೊಂಡು ಬಂತು, ಹರ್ನಿಯಾ ಅಂದ್ರು. ಮೆಷಿನ್ ಪೆಡಲ್ ತುಳಿಯೋಕೆ ಆಗ್ತಿರಲಿಲ್ಲ. ಫೋನ್ ಮಾಡಿದ್ರೆ ನಮ್ಮ ಅಗ್ರಿಮೆಂಟು ಮುಗೀತಲ್ಲಮ್ಮ ಅಂದ್ರು. ಬಂದ ದುಡ್ಡಲ್ಲಿ ಉಳಿದಿದ್ದು ಆ ಆಪರೇಷನ್‌ಗೆ ಹೋಯ್ತು.

ಈಗ 36 ತಿಂಗಳು ಅಂತ ಕಾನೂನಲ್ಲಿ ಬರೆದಿದಾರೆ ಅಂತ ಇಲ್ಲೇ ಓದಿ ಗೊತ್ತಾಯ್ತು. ಸುಮ್ನೆ ಬರೆದಿರೋದಲ್ಲ ಅದು. ತೊಂದರೆ ಬರೋದು ಆಸ್ಪತ್ರೆಯಿಂದ ಬಂದ ಮೇಲೆ. ಹಾಸನದಕ್ಕಾ, ಆ ಪಾಲಿಸಿ ಕಾಗದ, ಕಾರ್ಡು ನಿಮ್ಮ ಬೀರುವಲ್ಲಿ ಇಟ್ಕೋಬೇಡಿ. ಅವರ ಕೈಗೇ ಕೊಡಿ. ನಿಮ್ಮನ್ನ ಕೇಳದೇನೇ ಆಸ್ಪತ್ರೆಗೆ ಹೋಗೋ ಹಂಗಿರಬೇಕು.

---

ಹಾಸನದಾಕೆ
ಮಂಗಳವಾರ ಬೆಳಿಗ್ಗೆ

ರಾಮನಗರದ ಅಕ್ಕಾ, ನಿಮ್ಮ ಮಾತನ್ನು ಅಡುಗೆಮನೆಯಲ್ಲಿ ನಮ್ಮ ಅಕ್ಕನಿಗೆ ಓದಿ ಹೇಳಿದೆ. ಇಬ್ಬರೂ ಬಹಳ ಹೊತ್ತು ಸುಮ್ಮನೆ ಕೂತಿದ್ದೆವು. "ಬಾಣಂತನ ನಿನ್ನ ಕೈಯಲ್ಲೇ ಮಾಡಿಸ್ಕೋತೀನಿ, ಎಣ್ಣೆ ನೀರು ಎಲ್ಲ" ಅಂದರು. ಮಾಡ್ತೀನಿ.

ಒಂದು ವಿಷಯ. ಬಾಡಿಗೆ ತಾಯಿ ಅಂತ ಪೇಪರ್‌ನವರು ಬರೀತಾರೆ. ಇಲ್ಲಿ ಇಲ್ಲಿಯವರೆಗೆ ಯಾರೂ ಆ ಪದ ಬಳಸಿಲ್ಲ. ಮುಂದೆ ಬರೆಯುವವರೂ ಬಳಸದಿದ್ದರೆ ಸಂತೋಷ.

ವಕೀಲರೇ, ಅಕ್ಕನಿಗೆ ಏನಾದರೂ ಕೊಡಬೇಕು ಅಂತ ನಮ್ಮನೆಯವರಿಗೆ ಆಸೆ, ಒಡವೆಯೋ ಒಂದಿಷ್ಟು ದುಡ್ಡೋ. ಕೊಡಬಹುದಾ?

---

ತುಮಕೂರಿನ ವಕೀಲ
ಮಂಗಳವಾರ

ಹುಷಾರಾಗಿರಿ. ಈಗ ನಮ್ಮಲ್ಲಿ ಪರೋಪಕಾರದ ಸರೊಗಸಿಗೆ ಮಾತ್ರ ಅವಕಾಶ. ವೈದ್ಯಕೀಯ ಖರ್ಚು, ನಿಯಮದಲ್ಲಿ ಹೇಳಿದ ಇತರ ಖರ್ಚು, ವಿಮೆ, ಇಷ್ಟು ಬಿಟ್ಟು ಹಣವಾಗಲಿ ವಸ್ತುವಾಗಲಿ ಪ್ರತಿಫಲವಾಗಿ ಕೊಡುವಂತಿಲ್ಲ. ವಾಣಿಜ್ಯ ಸರೊಗಸಿ ಅಂತ ಸಾಬೀತಾದರೆ ದಂಪತಿಗೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನಡೆಸಿಕೊಟ್ಟ ಕ್ಲಿನಿಕ್‌ಗೆ 10 ವರ್ಷ, 10 ಲಕ್ಷದವರೆಗೆ. ಖರ್ಚಿನ ಪ್ರತಿ ಬಿಲ್ಲನ್ನೂ ಒಂದು ಫೈಲ್‌ನಲ್ಲಿ ಸೇರಿಸಿಡಿ, ಆಟೋ ಚಾರ್ಜ್ ಕೂಡ ಬರೆದಿಡಿ.

ನನ್ನ ಸ್ವಂತ ಅಭಿಪ್ರಾಯ ಬೇರೆ. ಒಂಬತ್ತು ತಿಂಗಳು ಕೂಲಿ ಬಿಟ್ಟು ಹೊರುವ ಹೆಣ್ಣಿಗೆ ಆ ಕೂಲಿಯನ್ನಾದರೂ ಕಟ್ಟಿಕೊಡಲು ಕಾಯ್ದೆ ಸ್ಪಷ್ಟ ಜಾಗ ಮಾಡಬೇಕಿತ್ತು. ರಾಮನಗರದ ತಾಯಿಗೆ ಆದ ಅನ್ಯಾಯ ಆಗದಿರಲಿ ಅಂತ ತಂದ ಕಾಯ್ದೆ ಅಂಥವರ ಸಂಪಾದನೆಯ ದಾರಿಯನ್ನು ಮುಚ್ಚಿತು. ಆದರೆ ಈಗಿರುವ ಕಾನೂನು ಇದು, ನೀವು ಇದರೊಳಗೇ ನಡೆಯಬೇಕು.

ಹತ್ತಿರದ ಸಂಬಂಧಿಯೇ ಆಗಬೇಕು ಅಂತ ಇನ್ನೂ ಕೆಲವು ಕಡೆ ಹೇಳುತ್ತಾರೆ. 2019ರ ಮಸೂದೆಯಲ್ಲಿ ಹಾಗಿತ್ತು. ಅಂತಿಮ ಕಾಯ್ದೆಯಲ್ಲಿ ಇಷ್ಟಪಟ್ಟು ಬರುವ, ಮದುವೆಯಾದ, ಸ್ವಂತ ಮಗು ಇರುವ ಮಹಿಳೆ ಅಂತಿದೆ. ಜೀವನದಲ್ಲಿ ಒಂದೇ ಸಲ ಮಾತ್ರ. ಪ್ರಯತ್ನ ಮೂರಕ್ಕಿಂತ ಹೆಚ್ಚು ಮಾಡುವಂತಿಲ್ಲ.

---

ಮೈಸೂರು ಸಿಸ್ಟರ್
ಮಂಗಳವಾರ ರಾತ್ರಿ

ನೈಟ್ ಡ್ಯೂಟಿಯಲ್ಲಿದ್ದೀನಿ, ಬಿಡುವಾಯ್ತು. ಐವಿಎಫ್ ವಾರ್ಡಿನಲ್ಲಿ ಒಂಬತ್ತು ವರ್ಷ ಕೆಲಸ.

ವಿಮೆ ಯಾವತ್ತಿಂದ ಶುರುವಾಗಬೇಕು ಅಂತ ಯಾರೂ ಹೇಳಲಿಲ್ಲ. ಔಷಧಿ ಶುರು ಮಾಡುವ ಮುಂಚೆಯೇ ಕೈಯಲ್ಲಿರಬೇಕು. ಭ್ರೂಣ ಇಟ್ಟ ಮೇಲೆ ಎಣ್ಣೆಯಲ್ಲಿ ಬೆರೆಸಿದ ಪ್ರೊಜೆಸ್ಟರಾನ್ ಇಂಜೆಕ್ಷನ್ ಕೊಡ್ತಾರೆ, ದಿನಾ, ವಾರಗಟ್ಟಲೆ. ಸೊಂಟದ ಕೆಳಗೆ ಎರಡೂ ಕಡೆ ಗಂಟು ಗಂಟಾಗಿ ಕಲ್ಲಿನ ಹಾಗೆ ಆಗುತ್ತೆ. ಬಟ್ಟೆ ಬಿಸಿ ಮಾಡಿ ಶಾಖ ಕೊಟ್ಟು, ತಿಕ್ಕಿ, ಇನ್ನೊಂದು ಕಡೆ ಚುಚ್ಚುತ್ತೀವಿ. ಕೆಲವರಿಗೆ ಅಲ್ಲೇ ಕೀವು ತುಂಬಿಕೊಂಡು ಕುಯ್ಯಬೇಕಾಗುತ್ತೆ. ಇದೂ ತೊಡಕೇ, ಇದಕ್ಕೂ ಆಸ್ಪತ್ರೆ ಬೇಕು.

ಒಂದೇ ಭ್ರೂಣ ಇಡಬೇಕು ಅನ್ನೋದು ನಿಯಮ. ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ. ಅವಳಿ ಆಗಲಿ ಅಂತ ಆಸೆಪಟ್ಟು ಡಾಕ್ಟರನ್ನು ಒತ್ತಾಯ ಮಾಡಬೇಡಿ. ಅವಳಿ ಅಂದರೆ ಬಿಪಿ, ಸಕ್ಕರೆ, ತಿಂಗಳು ತುಂಬದೆ ಹೆರಿಗೆ ಎಲ್ಲದರ ಅಪಾಯ ಹೆಚ್ಚು, ಹೊರೋದು ನಿಮ್ಮ ಅಕ್ಕ.

36 ತಿಂಗಳು ಈಗಿಂದಲೇ ಎಣಿಸಿದರೆ ಮೊದಲ ಪ್ರಯತ್ನ ಕೂಡದೆ ಆರು ತಿಂಗಳು ಹೋಗಬಹುದು, ಗರ್ಭ ಒಂಬತ್ತು ತಿಂಗಳು. ಹೆರಿಗೆ ಆದಮೇಲೆ ಉಳಿಯೋದು ಎರಡು ವರ್ಷಕ್ಕೂ ಕಡಿಮೆ. ಹಾಗಾದರೆ ಕೊನೆಯಲ್ಲಿ ಒಂದು ವರ್ಷ ಸೇರಿಸಿಕೊಡಿ ಅಂತ ನನ್ನ ಸಲಹೆ.

---

ಧಾರವಾಡದಾಂವ
ಬುಧವಾರ

ನಮ್ದು ಸರೊಗಸಿ ಅಲ್ರಿ, ದಾನಿ ಅಂಡಾಣು ತಗೊಂಡು ಐವಿಎಫ್ ಮಾಡಿಸಿದ್ವಿ. ಮನಿಯಾಕಿಗೆ 33ಕ್ಕ ಮುಟ್ಟು ನಿಂತಿತ್ತು. ಈಗ ಹುಡುಗಿ ಒಂದೂವರಿ ವರ್ಷದಾಕಿ ಅದಾಳ. ಇದಕ್ಕ ಬ್ಯಾರೆ ಕಾಯ್ದೆ ಐತಿ, 2021ರ ಎಆರ್‌ಟಿ ಕಾಯ್ದೆ. ಅದರಾಗ ಅಂಡಾಣು ಕೊಡೋ ಹೆಣ್ಮಗಳಿಗೆ 12 ತಿಂಗಳ ವಿಮಾ ನಾವ ಮಾಡಸಬೇಕು. ಆಕಿ ವಯಸ್ಸು 23ರಿಂದ 35, ಜೀವನದಾಗ ಒಂದ ಸಲ, ಏಳಕ್ಕಿಂತ ಹೆಚ್ಚು ಅಂಡಾಣು ತೆಗಿಯೂ ಹಂಗಿಲ್ಲ.

ಬಿಲ್ಲಿನಾಗ "ದಾನಿ ವಿಮೆ" ಅಂತ ಒಂದ ಸಾಲು ಇತ್ತು, ರೊಕ್ಕ ಕೊಟ್ವಿ. ಪಾಲಿಸಿ ನಂಬರ್ ಕೇಳಿದ್ರ ಗೌಪ್ಯ ಐತಿ ಅಂದ್ರು. ಹೆಸರು ಮುಚ್ಚಿ ಝೆರಾಕ್ಸ್ ಕೊಡ್ರಿ ಅಂತ ನಾ ಮೂರು ಸಲ ಹೋಗಿ ಕೂತೆ. ಕೊನಿಗೆ ಕೊಟ್ರು. ತಾರೀಖು ನೋಡಿದ್ರ ನಾ ಎರಡನೇ ಸಲ ಕೇಳಾಕ ಹೋಗಿದ್ನಲ್ಲ, ಅದರ ಮರುದಿನದ್ದು! ಅಂಡಾಣು ತೆಗದ ಮೇಲೆ ಹೊಟ್ಟಿಯೊಳಗ ನೀರು ತುಂಬಿ ಐಸಿಯುಗೆ ಹೋದ ಹೆಣ್ಮಕ್ಕಳು ಅದಾರ. ಆ ನಡುವಿನ ದಿನದಾಗ ಆಕಿಗೆ ಏನರ ಆಗಿದ್ರ? ಆಕಿ ಮಾರಿ ನಾವು ನೋಡಿಲ್ಲ, ನೋಡೂದೂ ಇಲ್ಲ. ಆದ್ರ ನಮ್ಮ ಮಗಳ ನಗು ಆಕಿದರ್ಧ ಅಂತ ಮನಿಯಾಕಿ ದಿನಾ ಅಂತಾಳ. ದಯಮಾಡಿ ಎಲ್ಲಾರೂ ಅಂಡಾಣು ತೆಗಿಯೂಕಿಂತ ಮೊದಲ ಪಾಲಿಸಿ ಪ್ರತಿ ಕೇಳ್ರಿ.

ಸರೊಗಸಿಯೊಳಗ ದಾನಿ ಅಂಡಾಣು ನಡಿತೈತೇನು ಅಂತ ನಮ್ಮ ದೋಸ್ತ ಒಬ್ಬಾಂವ ಕೇಳಾಕತ್ತಾನ.

---

ತುಮಕೂರಿನ ವಕೀಲ
ಬುಧವಾರ

ಧಾರವಾಡದವರಿಗೆ: ನಡೆಯುತ್ತದೆ, ಷರತ್ತಿನ ಮೇಲೆ. 2023ರ ಮಾರ್ಚ್ 14ರ ತಿದ್ದುಪಡಿ ದಾನಿಯ ಅಂಡಾಣು, ವೀರ್ಯ ಎರಡನ್ನೂ ನಿಷೇಧಿಸಿತ್ತು. ಹುಟ್ಟಿನಿಂದಲೇ ಗರ್ಭಕೋಶ ಬೆಳೆಯದ ಒಬ್ಬ ಮಹಿಳೆಗೆ ಸುಪ್ರೀಂ ಕೋರ್ಟ್ ಅದೇ ವರ್ಷ ಅಕ್ಟೋಬರ್‌ನಲ್ಲಿ ದಾನಿ ಅಂಡಾಣು ಬಳಸಲು ಅವಕಾಶ ಕೊಟ್ಟಿತು. 2024ರ ಫೆಬ್ರುವರಿ 21ರಂದು ನಿಯಮವನ್ನೇ ಬದಲಿಸಿದರು. ಜಿಲ್ಲಾ ವೈದ್ಯಕೀಯ ಮಂಡಳಿ ಅಗತ್ಯ ಅಂತ ಪ್ರಮಾಣೀಕರಿಸಿದರೆ ದಾನಿಯದ್ದನ್ನು ಬಳಸಬಹುದು, ಆದರೆ ಗಂಡ ಹೆಂಡತಿಯಲ್ಲಿ ಒಬ್ಬರದ್ದಾದರೂ ಇರಲೇಬೇಕು. ವಿಧವೆ ಅಥವಾ ವಿಚ್ಛೇದಿತೆ ಒಂಟಿಯಾಗಿ ಮುಂದೆ ಬಂದರೆ ಅಂಡಾಣು ಆಕೆಯದ್ದೇ ಆಗಬೇಕು, ವಯಸ್ಸು 35ರಿಂದ 45. ಮದುವೆಯಾಗದ ಹೆಣ್ಣಿಗೆ ಸದ್ಯ ಈ ದಾರಿ ಇಲ್ಲ.

---

ಕಾಯುತ್ತಿರುವವರು
ಬುಧವಾರ ರಾತ್ರಿ

ನನಗೆ 51, ಅವರಿಗೆ 57. ಭ್ರೂಣಗಳನ್ನು 2021ರ ಆಗಸ್ಟ್‌ನಲ್ಲಿ ಫ್ರೀಜ್ ಮಾಡಿಸಿದ್ದೆವು. ಕೋವಿಡ್ ಅಂತ ತಡವಾಯಿತು, ಅಷ್ಟರಲ್ಲಿ ಕಾಯ್ದೆ ಬಂತು, ವಯಸ್ಸು ಮೀರಿತು ಅಂದರು. ಪ್ರತಿ ವರ್ಷ ಫ್ರೀಜಿಂಗ್ ಬಾಡಿಗೆ ಕಟ್ಟುತ್ತಲೇ ಇದ್ದೇವೆ, ಬಿಡೋಕೆ ಮನಸ್ಸು ಬರುತ್ತಿಲ್ಲ.

---

ತುಮಕೂರಿನ ವಕೀಲ
ಗುರುವಾರ ಬೆಳಿಗ್ಗೆ

ಅಮ್ಮಾ, ನಿಮಗೆ ದಾರಿ ಇದೆ. 2025ರ ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ, ಕಾಯ್ದೆ ಜಾರಿಗೆ ಬರುವ ಮುಂಚೆಯೇ ಭ್ರೂಣ ಫ್ರೀಜ್ ಮಾಡಿಸಿ ಸರೊಗಸಿಗೆ ಹೆಜ್ಜೆ ಇಟ್ಟಿದ್ದ ದಂಪತಿಗಳಿಗೆ ವಯಸ್ಸಿನ ಮಿತಿ ಅನ್ವಯಿಸುವುದಿಲ್ಲ ಅಂತ ತೀರ್ಪು ಕೊಟ್ಟಿದೆ. ಫ್ರೀಜಿಂಗ್ ದಿನಾಂಕವಿರುವ ಒಪ್ಪಿಗೆ ಪತ್ರ, ರಸೀದಿ, ಪ್ರಯೋಗಾಲಯದ ದಾಖಲೆ, ಸರೊಗಸಿ ಮಾಡಿಸಬೇಕು ಅಂತ ಆಗಲೇ ನಿರ್ಧರಿಸಿದ್ದಕ್ಕೆ ಇರುವ ಡಾಕ್ಟರ ಚೀಟಿ, ಎಲ್ಲ ಒಟ್ಟು ಮಾಡಿ ಹೈಕೋರ್ಟಿನಲ್ಲಿ ಕೆಲಸ ಮಾಡುವ ವಕೀಲರನ್ನು ಈ ವಾರವೇ ಕಾಣಿ.

ನಮ್ಮ ಕರ್ನಾಟಕ ಹೈಕೋರ್ಟಿಗೂ 2023ರಲ್ಲಿ ಇಂಥದೇ ನೋವು ಬಂದಿತ್ತು. 23 ವರ್ಷದ ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ದಂಪತಿ, ಗಂಡನಿಗೆ 57. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ವಯಸ್ಸಿನ ಅಂಕಿಯೊಂದನ್ನೇ ನೋಡಿ ತಳ್ಳಿಹಾಕಲಿಲ್ಲ. ವಂಶವಾಹಿ, ದೈಹಿಕ ಶಕ್ತಿ, ಆರ್ಥಿಕ ಶಕ್ತಿ ಅಂತ ಮೂರು ಪರೀಕ್ಷೆ ಹೇಳಿದರು. ಆ ತೀರ್ಪನ್ನೂ ನಿಮ್ಮ ವಕೀಲರಿಗೆ ತೋರಿಸಿ.

---

ಹಡ್ಸನ್ ದಡದಿಂದ
ಗುರುವಾರ

ನಾವು ನ್ಯೂಯಾರ್ಕ್‌ನಲ್ಲಿದ್ದೇವೆ, ಮೂಲ ಶಿವಮೊಗ್ಗ. ಇಲ್ಲಿ 2021ರ ಫೆಬ್ರುವರಿಯಿಂದ ಹಣ ಕೊಟ್ಟು ಮಾಡಿಸುವ ಸರೊಗಸಿಗೂ ಕಾನೂನಿನ ಒಪ್ಪಿಗೆ ಇದೆ. ಹೊರುವ ತಾಯಿಯ ಆರೋಗ್ಯ ವಿಮೆ ಔಷಧಿ ಶುರುವಾಗುವ ಮುಂಚಿನಿಂದ ಹೆರಿಗೆ ಆಗಿ 12 ತಿಂಗಳವರೆಗೆ ನಮ್ಮ ಖರ್ಚು. ಜೊತೆಗೆ 7,50,000 ಡಾಲರ್‌ನ ಜೀವ ವಿಮೆ, ಅವಳು ಹೇಳಿದವರ ಹೆಸರಿಗೆ. ಅವಳ ವಕೀಲರು ಬೇರೆ, ಅವರ ಫೀಸು ನಮ್ಮದು. ಅವಳ ಕಂಪನಿಯ ಪಾಲಿಸಿಯನ್ನೇ ಬಳಸೋಣ ಅಂದುಕೊಂಡಿದ್ದೆವು. ವಕೀಲರು ಅರವತ್ತು ಪುಟ ಓದಿ, ಸರೊಗಸಿಯಾದರೆ ಆಸ್ಪತ್ರೆ ಖರ್ಚನ್ನು ಅವಳಿಗೆ ಸಿಗುವ ಹಣದಿಂದ ವಾಪಸ್ ಪಡೆಯುವ ಹಕ್ಕು ಕಂಪನಿಗಿದೆ ಅನ್ನುವ ಒಂದು ಸಾಲು ತೋರಿಸಿದರು. ಬೇರೆ ಪಾಲಿಸಿ ಕೊಂಡೆವು.

ಊರಿನಲ್ಲೂ ಜೀವ ವಿಮೆ ಯೋಚಿಸಿ. ಆಕೆಯ ಇಬ್ಬರು ಮಕ್ಕಳಿಗಾಗಿ.

---

ಪಾಲಿಸಿ ಓದುವವ
ಗುರುವಾರ ರಾತ್ರಿ

ನ್ಯೂಯಾರ್ಕಿನವರ ಮಾತು ನಾನೇ ಮೊದಲು ಹೇಳಬೇಕಿತ್ತು. ಟರ್ಮ್ ಪಾಲಿಸಿಯನ್ನು, ಅಂದರೆ ಇಂತಿಷ್ಟು ವರ್ಷದ ಜೀವ ವಿಮೆಯನ್ನು, ಗರ್ಭ ನಿಲ್ಲುವ ಮುಂಚೆ ಮಾಡಿಸಿ, ಬಸುರಿ ಅಂದರೆ ಹೆರಿಗೆ ಆಗಲಿ ಅಂತ ಮುಂದೂಡುವುದು ರೂಢಿ. ಅಲ್ಲೂ ಸರೊಗಸಿ ವಿಷಯ ಮುಚ್ಚಿಡಬೇಡಿ. ನಾಮಿನಿ ಅವರ ಗಂಡ ಮಕ್ಕಳು, ನೀವಲ್ಲ.

ಮಗುವಿನದ್ದೂ ನೋಡಿ. ಕಂಪನಿಯ ಗ್ರೂಪ್ ಪಾಲಿಸಿಗಳಲ್ಲಿ ನವಜಾತ ಶಿಶುವಿನ ರಕ್ಷಣೆ ಸಾಮಾನ್ಯವಾಗಿ ಸದಸ್ಯೆಯ ಹೆರಿಗೆಗೆ ಅಂಟಿಕೊಂಡಿರುತ್ತದೆ. ನಿಮ್ಮ ಮಗು ಕಾನೂನಿನ ಪ್ರಕಾರ ನಿಮ್ಮದೇ, ಆದರೆ ಹೆರಿಗೆ ನಿಮ್ಮದಲ್ಲ. ತಿಂಗಳು ತುಂಬದೆ ಹುಟ್ಟಿ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಪ್ಪತ್ತು ದಿನ ಇದ್ದರೆ ಬಿಲ್ಲು ಯಾರ ಮೇಲೆ? ಸರೊಗಸಿಯಿಂದ ಹುಟ್ಟುವ ಮಗು ಮೊದಲ ದಿನದಿಂದ ಸೇರುತ್ತದೆಯೇ ಅಂತ ನಿಮ್ಮವರ ಎಚ್‌ಆರ್‌ಗೆ ಈಗಲೇ ಇಮೇಲ್ ಹಾಕಿಸಿ.

ರಜೆಯ ಬಗ್ಗೆ: ಕೇಂದ್ರ ಸರ್ಕಾರದ ನೌಕರರಿಗೆ 2024ರ ಜೂನ್‌ನಿಂದ ಮಗು ಪಡೆಯುವ ತಾಯಿಗೂ ಹೊರುವ ತಾಯಿಗೂ 180 ದಿನ, ತಂದೆಗೆ 15 ದಿನ. ಖಾಸಗಿಯಲ್ಲಿ ಸ್ವಂತ ಅಂಡಾಣು ಕೊಟ್ಟ ತಾಯಿಗೆ ಮಗು ಕೈಗೆ ಬಂದ ದಿನದಿಂದ 12 ವಾರ.

ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು, ಒಂದು ತಿಂಗಳಲ್ಲಿ ಸರಿಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ. ಫೀಸು ಇಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ದೂರು ನೋಡುತ್ತಾರೆ.

---

ಹಾಸನದಾಕೆ
ಮೂರು ವಾರದ ನಂತರ

ಎಲ್ಲರೂ ಕೇಳ್ತಿದ್ದೀರಿ, ತಡವಾಗಿದ್ದಕ್ಕೆ ಕ್ಷಮಿಸಿ.

ನಾಲ್ಕು ಕಂಪನಿಗೆ ಇಮೇಲ್ ಬರೆದೆ. ಎರಡು ಉತ್ತರವೇ ಕೊಡಲಿಲ್ಲ. ಒಂದು ಇಲ್ಲ ಅಂದಿತು. ನಾಲ್ಕನೆಯದು ಎರಡು ಸಲ ಕರೆ ಮಾಡಿ, ಅಕ್ಕನ ರಕ್ತ ಪರೀಕ್ಷೆ ಮಾಡಿಸಿ, ಮೂರು ವರ್ಷಕ್ಕೆ 15 ಲಕ್ಷದ್ದು ಕೊಟ್ಟಿದೆ. ಹೆರಿಗೆಯ ತೊಡಕು ಸೇರಿದೆ, ಸರೊಗಸಿ ಅನ್ನುವ ಪದ ಈ ಸಲ ಒಳಗಿರುವ ಪಟ್ಟಿಯಲ್ಲಿದೆ. ಪಾಲಿಸಿ ಓದುವ ಅಣ್ಣನಿಗೆ ಪಿಡಿಎಫ್ ಕಳಿಸಿ ನೋಡಿಸಿಯೇ ದುಡ್ಡು ಕಟ್ಟಿದ್ದು. ಟರ್ಮ್ ಪಾಲಿಸಿ ಇನ್ನೂ ಮೆಡಿಕಲ್ ಹಂತದಲ್ಲಿದೆ, ಅದು ಕೈಗೆ ಬರುವವರೆಗೆ ಔಷಧಿ ಶುರು ಮಾಡಲ್ಲ ಅಂತ ಕ್ಲಿನಿಕ್‌ಗೆ ಹೇಳಿದ್ದೇವೆ. ಅಕ್ಕನ ಟಿಸಿಯಲ್ಲಿ ಹುಟ್ಟಿದ ತಿಂಗಳು ನಿಜಕ್ಕೂ ಬೇರೆ ಇತ್ತು! ಅದಕ್ಕೇ ಎಂಟು ದಿನ ಓಡಾಟ. 35 ತುಂಬೋಕೆ ಇನ್ನು ಏಳು ತಿಂಗಳಿದೆ.

ಒಪ್ಪಿಗೆ ಪತ್ರವನ್ನು ಅಕ್ಕನ ತಮ್ಮ ಕನ್ನಡದಲ್ಲಿ ಓದಿ ಹೇಳಿದ. ಆ ಹೊತ್ತಿಗೆ ನಾನು, ನಮ್ಮನೆಯವರು, ಅತ್ತೆ ಮೂವರೂ ಬೇಕಂತಲೇ ತೋಟಕ್ಕೆ ಹೋಗಿದ್ದೆವು. ವಾಪಸ್ ಬಂದಾಗ ಅಕ್ಕ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದರು: ಬ್ಲೀಡಿಂಗ್ ಆದರೆ ಹಾಸನದಲ್ಲಿ ಯಾವ ಆಸ್ಪತ್ರೆಗೆ ಕಾರ್ಡ್ ನಡೆಯುತ್ತೆ? ಪಟ್ಟಿ ತೆಗೆದು ಎರಡು ಹೆಸರಿಗೆ ಗುರುತು ಹಾಕಿದೆವು.

ರಾಮನಗರದ ಅಕ್ಕಾ, ಕಾರ್ಡು ಅವರ ಪರ್ಸಿನಲ್ಲಿದೆ, ಪಾಲಿಸಿ ಅವರ ತವರಿನ ಟ್ರಂಕಿನಲ್ಲಿ. ಕೋರ್ಟಿನಲ್ಲಿ ಮುಂದಿನ ಗುರುವಾರ ನಮ್ಮ ಅರ್ಜಿ ಬರುತ್ತೆ. ಮೂವರೂ ಬೆಳಿಗ್ಗೆ ಹತ್ತಕ್ಕೆ ಹಾಜರಿರಬೇಕಂತೆ.